ಭೂತದ ಹಾಡೂ ಭಯದ ವಾತಾವರಣವೂ

೧

ಭಯಾನಕ ರಸದ ವಿಭಾವಗಳನ್ನು ಎಣಿಸುವ ಭರತಮುನಿಯು ಮೊದಲಿಗೆ ಹೆಸರಿಸುವುದು ಕಣ್ಣಿಗೆ ಬೀಳುವ ವಸ್ತುವನ್ನಲ್ಲ, ಕಿವಿಗೆ ಬೀಳುವ ವಿಕೃತಧ್ವನಿಯನ್ನು. ಭೂತದರ್ಶನ, ನರಿ ಗೂಬೆಗಳಿಂದಾಗುವ ತಲ್ಲಣ, ಪಾಳುಮನೆ, ಅಡವಿ ಮೊದಲಾದುವೆಲ್ಲ ಅನಂತರ ಬರುತ್ತವೆ. ನಾಟ್ಯಶಾಸ್ತ್ರವು ಈ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿ, ಸ್ವರಗಳಲ್ಲಿ ಧೈವತವನ್ನು ಬೀಭತ್ಸ ಭಯಾನಕಗಳೆರಡಕ್ಕೂ ವಿಧಿಸಿದೆ. ಇಷ್ಟು ಹಳೆಯದಾದ ಈ ವಿಚಾರವು ಇಂದಿನ ಭಯಚಿತ್ರವೊಂದರ ಮುಂದೆ ಕುಳಿತವನಿಗೆ ಹೊಸದಾಗಿಯೇ ತೋರುತ್ತದೆ. ಪ್ರೇಕ್ಷಕನು ಕಣ್ಣು ಮುಚ್ಚಿಕೊಂಡರೆ ತೆರೆಯ ಮೇಲಿನ ಭೂತ ಮಾಯವಾಗುತ್ತದೆ, ಭಯ ಮಾತ್ರ ಹೋಗುವುದಿಲ್ಲ. ಕಣ್ಣು ತೆರೆದುಕೊಂಡು ಕಿವಿ ಮುಚ್ಚಿಕೊಂಡರೆ ಅದೇ ಭೂತವು ಬಣ್ಣ ಬಳಿದುಕೊಂಡ ಒಬ್ಬ ನಟನಾಗಿಬಿಡುತ್ತದೆ.

ಹೀಗಿದ್ದರೂ ಚಲಚ್ಚಿತ್ರ ವಿಮರ್ಶೆಯು ಹಾಡುಗಳಿಗೆ ಕೊಟ್ಟ ಗಮನವನ್ನು ಹಿನ್ನೆಲೆಯ ನಾದಕ್ಕೆ ಕೊಟ್ಟಿಲ್ಲ. ಹಾಡಿಗೆ ಕವಿಯುಂಟು, ಗಾಯಕನುಂಟು, ಮನೆಗೆ ಹೋಗುವಾಗ ಗುನುಗಿಕೊಳ್ಳಲು ಒಂದು ಪಲ್ಲವಿಯುಂಟು. ಹಿನ್ನೆಲೆ ಸಂಗೀತವು ಕೇಳಿಸಿದ್ದೇ ತಿಳಿಯದಂತೆ ಕೇಳಿಸಿ ಹೋಗಬೇಕೆಂಬುದು ಅದರ ಧರ್ಮ. ಆದುದರಿಂದಲೇ ಅದು ಪ್ರೇಕ್ಷಕನ ಮನಸ್ಸಿನಲ್ಲಿ ಮಾಡುವ ಕೆಲಸ ಪರಿಶೀಲನೆಗೆ ಒಳಗಾಗದೆ ಉಳಿದಿದೆ. ಭಯಚಿತ್ರದಲ್ಲಿ ಆ ಕೆಲಸ ಸಣ್ಣದಲ್ಲ. ಯಾರಿಗೆ ಹೆದರಬೇಕು, ಯಾರನ್ನು ಶಂಕಿಸಬೇಕು, ಯಾರ ದುಃಖವನ್ನು ಕೇಳಬೇಕು ಎಂಬುದನ್ನು ಕಥೆಗಿಂತ ಮೊದಲೇ ನಿರ್ಧರಿಸುವುದು ಈ ನಾದವೇ.

೨೦೨೩ರ ಏಪ್ರಿಲ್ ೨೧ರಂದು ಬಿಡುಗಡೆಯಾದ ತೆಲುಗು ಚಿತ್ರ 'ವಿರೂಪಾಕ್ಷ'ವು ಈ ಪರಿಶೀಲನೆಗೆ ಒಳ್ಳೆಯ ನಿಮಿತ್ತವಾಗಿದೆ. ಕಾರ್ತೀಕ್ ವರ್ಮ ದಂಡು ಅವರು ನಿರ್ದೇಶಿಸಿ, ಸುಕುಮಾರ್ ಅವರು ಚಿತ್ರಕಥೆ ರಚಿಸಿದ ಈ ಚಿತ್ರಕ್ಕೆ ಸಂಗೀತ ಕೊಟ್ಟವರು ಕನ್ನಡಿಗರಾದ ಬಿ. ಅಜನೀಶ್ ಲೋಕನಾಥ್. ಭದ್ರಾವತಿಯಲ್ಲಿ ಹುಟ್ಟಿದವರು. ಉಕ್ಕಿನ ಊರಿನಿಂದ ಬಂದವರೊಬ್ಬರು ಸೃಷ್ಟಿಸಿದ ಭಯವನ್ನು ಇನ್ನೊಂದು ಉಕ್ಕಿನ ಊರಾದ ವಿಶಾಖಪಟ್ಟಣದಲ್ಲಿ ತೆಲುಗರ ನಡುವೆ ಕುಳಿತು ಕನ್ನಡಿಗರು ಕೇಳಿದರು. ಇದು ಆಕಸ್ಮಿಕವಾದರೂ ನಿರರ್ಥಕವಲ್ಲ. ಒಂದು ಭಾಷೆಯವನು ಇನ್ನೊಂದು ಭಾಷೆಯವರನ್ನು ಹೆದರಿಸಬಲ್ಲನಾದರೆ, ಭಯಕ್ಕೆ ಭಾಷೆಯಿದೆಯೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಭಯಚಿತ್ರಗಳ ಇತ್ತೀಚಿನ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ತಿರುಗುತ್ತಿದೆ ಎಂದರೂ ತಪ್ಪಾಗದು.

೨

ದುವ್ವಾಡವು ವಿಶಾಖಪಟ್ಟಣದ ಅಂಚಿನ ರೈಲು ನಿಲ್ದಾಣ. ಹೌರಾ–ಚೆನ್ನೈ ಮಾರ್ಗದಲ್ಲಿ ಸಾಗುವ ಎಷ್ಟೋ ದೂರಪ್ರಯಾಣದ ಗಾಡಿಗಳು ನಗರದ ಮುಖ್ಯ ನಿಲ್ದಾಣವನ್ನು ಹೊಕ್ಕು ಹಿಂದಿರುಗುವ ಸುತ್ತನ್ನು ತಪ್ಪಿಸಿ ಇಲ್ಲಿಯೇ ನಿಂತು ಹೋಗುತ್ತವೆ. ಅದರ ಸಮೀಪದಲ್ಲಿ ೧೯೭೧ರಲ್ಲಿ ಅಡಿಗಲ್ಲು ಬಿದ್ದು ೧೯೯೨ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಉಕ್ಕಿನ ಕಾರ್ಖಾನೆಯೂ ಅದರ ವಸತಿನಗರವೂ ಇವೆ. ವಸತಿನಗರದ ಹೆಸರು ಉಕ್ಕುನಗರಂ. 'ಉಕ್ಕು' ಎಂಬ ಮಾತು ಎರಡು ಭಾಷೆಗಳಿಗೂ ಒಂದೇ ಆದುದರಿಂದ ಕನ್ನಡಿಗನು ಆ ಹೆಸರನ್ನು ಓದುವಾಗ ಅನುವಾದ ಮಾಡಿಕೊಳ್ಳಬೇಕಾದ ಪ್ರಸಂಗವೇ ಇಲ್ಲ.

ಇಂಥ ಊರಿಗೆ ಹೊಸದಾಗಿ ಬಂದ ಕುಟುಂಬವನ್ನು ಮೊದಲ ರಾತ್ರಿಗಳಲ್ಲಿ ಎಚ್ಚರವಾಗಿಡುವುದು ಕತ್ತಲೆಯಲ್ಲ, ಸದ್ದು. ನಡುರಾತ್ರಿಯಲ್ಲಿ ಗೂಡ್ಸ್ ಗಾಡಿಯ ಕೊಂಡಿಗಳು ಒಂದರ ಹಿಂದೊಂದು ಬಡಿದುಕೊಳ್ಳುವ ಸದ್ದು, ದೂರದ ಕಾರ್ಖಾನೆಯ ಬಿಡುವಿಲ್ಲದ ಗುಂಯ್ಗುಡುವಿಕೆ, ಎಲ್ಲಿಂದಲೋ ಬರುವ ಸೀಟಿ. ಮಗು ಬೆಚ್ಚಿ ಏಳುತ್ತದೆ. ತಿಂಗಳು ಕಳೆಯುವುದರೊಳಗೆ ಅದೇ ಮಗು ಅದೇ ಸದ್ದಿನ ನಡುವೆ ಸುಖವಾಗಿ ಮಲಗುತ್ತದೆ. ಸದ್ದು ಬದಲಾಗಿಲ್ಲ. ಅದು ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂಬುದು ತಿಳಿದಿದೆ, ಅಷ್ಟೆ. ಭಯವು ನಾದದ ಗುಣವಲ್ಲವೆಂದೂ ಮೂಲವನ್ನು ಅರಿಯದ ಮನಸ್ಸಿನ ಸ್ಥಿತಿಯೆಂದೂ ಇದರಿಂದ ಸಿದ್ಧವಾಗುತ್ತದೆ.

ಚಲಚ್ಚಿತ್ರದವರು ಈ ಸತ್ಯವನ್ನು ಬೇಗನೆ ಕಂಡುಕೊಂಡರು. ೧೯೪೯ರ ಹಿಂದಿ ಚಿತ್ರ 'ಮಹಲ್'ನಲ್ಲಿ ಖೇಮಚಂದ್ ಪ್ರಕಾಶ್ ಅವರ ಸಂಗೀತದಲ್ಲಿ ಲತಾ ಮಂಗೇಶ್ಕರ್ ಅವರ ಕಂಠ ಬಹು ದೂರದಿಂದ ಆರಂಭವಾಗಿ ಮೆಲ್ಲಮೆಲ್ಲನೆ ಹತ್ತಿರವಾಗುತ್ತದೆ. ಹಾಡುವವಳು ಕಾಣುವುದಿಲ್ಲ, ಮನೆಯೆಲ್ಲ ಅವಳೇ ತುಂಬಿದ್ದಾಳೆ. ಒಡೆಯನು ಕಾಣದ ಧ್ವನಿಗೆ ಇರುವ ಈ ಶಕ್ತಿಯನ್ನು ಫ್ರೆಂಚ್ ವಿಮರ್ಶಕ ಮಿಶೆಲ್ ಶಿಯೋಂ ಮುಂದೆ ಶಾಸ್ತ್ರೀಯವಾಗಿ ವಿವೇಚಿಸಿದರು. ಅಂಥ ಧ್ವನಿ ಎಲ್ಲೆಡೆಯೂ ಇರುವಂತೆ, ಎಲ್ಲವನ್ನೂ ಬಲ್ಲಂತೆ ತೋರುತ್ತದೆ. ಅದರ ಒಡೆಯನು ತೆರೆಯ ಮೇಲೆ ಬಾಯಿ ತೆರೆದು ಕಾಣಿಸಿಕೊಂಡ ಕ್ಷಣವೇ ಆ ಶಕ್ತಿ ಉಡುಗುತ್ತದೆ. ಹಾಗಾದರೆ ಭೂತಕ್ಕೆ ಬಾಯಿ ಕೊಡುವುದೆಂದರೆ ಭಯವನ್ನು ಕಡಿಮೆ ಮಾಡುವುದೆಂದೇ ಅರ್ಥ. ಆದರೂ ಬಹುಕಾಲದವರೆಗೆ ಭಾರತೀಯ ಭಯಚಿತ್ರವು ಭೂತಕ್ಕೆ ಬಾಯನ್ನೂ ಹಾಡನ್ನೂ ಕೊಡುತ್ತಲೇ ಬಂತು. ಅದಕ್ಕೆ ಕಾರಣವನ್ನು ಚಿತ್ರಮಂದಿರದ ಹೊರಗೆ ಹುಡುಕಬೇಕು.

೩

ತುಳುನಾಡಿನ ಭೂತಾರಾಧನೆಯನ್ನು ಬಲ್ಲವರಿಗೆ ಆ ಕಾರಣ ಅಪರಿಚಿತವಲ್ಲ. ಅಲ್ಲಿಯ ಭೂತಗಳಲ್ಲಿ ಹಲವು ಒಂದು ಕಾಲದಲ್ಲಿ ಮನುಷ್ಯರಾಗಿದ್ದು ಅನ್ಯಾಯಕ್ಕೆ ಗುರಿಯಾದವರು. ಕಾರ್ಕಳದಲ್ಲಿ ೧೪೩೨ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನನ್ನು ಕಡೆದ ಶಿಲ್ಪಿಯೆಂದು ಪಾಡ್ದನವು ಹೇಳುವ ಕಲ್ಕುಡನ ಕಥೆಯನ್ನೇ ನೋಡಬಹುದು. ಅಂಥ ಕೆಲಸವನ್ನು ಮತ್ತೆಲ್ಲಿಯೂ ಮಾಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದೂ, ಅಣ್ಣನ ಸ್ಥಿತಿಯನ್ನು ಕಂಡ ತಂಗಿ ಕಲ್ಲುರ್ಟಿ ಅವನೊಡನೆ ಮಾಯವಾಗಿ ಭೂತವಾಗಿ ಅರಸನಿಂದ ಲೆಕ್ಕ ತೀರಿಸಿಕೊಂಡಳೆಂದೂ ಜನಪದದ ನಂಬಿಕೆ. ಕೋಲದ ರಾತ್ರಿಯಲ್ಲಿ ಈ ವೃತ್ತಾಂತವನ್ನು ಹಾಡಿಯೇ ಭೂತವನ್ನು ಕರೆಯಬೇಕು. ಅಂದರೆ ಭೂತದ ಹಾಡು ಒಂದು ಅರ್ಜಿ. ಊರು ಅದನ್ನು ಕುಳಿತು ಕೇಳುತ್ತದೆ. ಕೇಳಿದ ಮೇಲೆ ಭೂತವು ಹೆದರಿಸುವ ಶಕ್ತಿಯಾಗಿ ಉಳಿಯದೆ ನ್ಯಾಯ ಹೇಳುವ ದೈವವಾಗುತ್ತದೆ.

ಭಯಚಿತ್ರದ ನಾಯಿಕಾಭೂತವು ಹಾಡುವ ಹಾಡಿಗೂ ಇದೇ ಮೂಲಾರ್ಥವಿದೆ. ೧೯೯೩ರ ಮಲೆಯಾಳ ಚಿತ್ರ 'ಮಣಿಚಿತ್ರತ್ತಾಳ್', ಅದರಿಂದ ಹೊಮ್ಮಿದ ೨೦೦೪ರ ಕನ್ನಡದ 'ಆಪ್ತಮಿತ್ರ', ೨೦೦೫ರ ತಮಿಳಿನ 'ಚಂದ್ರಮುಖಿ', ೨೦೦೭ರ ಹಿಂದಿಯ 'ಭೂಲ್ ಭುಲೈಯಾ' ಇವುಗಳ ಪರಂಪರೆ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. ಅರಸನೊಬ್ಬನ ಕಾಮಕ್ಕೂ ಕ್ರೌರ್ಯಕ್ಕೂ ಸಿಕ್ಕಿ ಪ್ರಿಯನನ್ನೂ ಪ್ರಾಣವನ್ನೂ ಕಳೆದುಕೊಂಡ ನರ್ತಕಿಯೊಬ್ಬಳು ಶತಮಾನಗಳ ಅನಂತರ ಒಬ್ಬ ಗೃಹಿಣಿಯ ಮನಸ್ಸನ್ನು ಹೊಕ್ಕು ಹಾಡುತ್ತಾಳೆ, ಗೆಜ್ಜೆ ಕಟ್ಟಿ ಕುಣಿಯುತ್ತಾಳೆ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಶೇಷ ಎದ್ದು ಕಾಣುತ್ತದೆ. ಮಲೆಯಾಳ ಚಿತ್ರದಲ್ಲಿ ಅವಳ ಭಾಷೆ ತಮಿಳು. ಕನ್ನಡದ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. ತಮಿಳಿನ ಚಂದ್ರಮುಖಿಯ ಭಾಷೆಯೂ ತೆಲುಗೇ. ಹಿಂದಿಯ ಮಂಜುಲಿಕಾ ಬಂಗಾಳಿಯವಳು. 'ಚಂದ್ರಮುಖಿ'ಯನ್ನು ತೆಲುಗಿಗೆ ಡಬ್ ಮಾಡಿದಾಗ ತೆಲುಗು ಹಾಡು ತೆಲುಗರಿಗೆ ಹೊರಗಿನದಾಗಿ ಕೇಳಿಸಲಾರದೆಂಬ ತೊಡಕು ಎದುರಾಯಿತು. ಅಲ್ಲಿ ಅವಳು ತಮಿಳಿನಲ್ಲಿ ಹಾಡಿದಳು. ಒಟ್ಟಿನಲ್ಲಿ ಪ್ರತಿಯೊಂದು ಭಾಷೆಯೂ ತನ್ನ ಭೂತಕ್ಕೆ ನೆರೆಯ ಭಾಷೆಯನ್ನು ಕೊಟ್ಟಿದೆ.

ಇದರ ಅಭಿಪ್ರಾಯವೇನು? ಮನೆಯೊಳಗೆ ತನ್ನವಳೆಂದುಕೊಂಡವಳು ಇದ್ದಕ್ಕಿದ್ದಂತೆ ಇನ್ನೊಂದು ಭಾಷೆಯಲ್ಲಿ ಮಾತನಾಡಿದರೆ ಮೈ ಜುಮ್ಮೆನ್ನುವುದು ಸಹಜ. ಪೂರ್ತಿ ಅಪರಿಚಿತವಾದ ಭಾಷೆಯಾಗಿದ್ದರೆ ಅದು ಬರಿಯ ಗದ್ದಲವಾಗುತ್ತಿತ್ತು. ಪೂರ್ತಿ ಪರಿಚಿತವಾಗಿದ್ದರೆ ಅದು ಸಂಸಾರದ ಮಾತೇ ಆಗುತ್ತಿತ್ತು. ಅರ್ಧ ತಿಳಿಯುವ, ಅರ್ಧ ತಿಳಿಯದ ನೆರೆಭಾಷೆಯೇ ಭಯಕ್ಕೆ ತಕ್ಕ ಅಂತರದಲ್ಲಿರುತ್ತದೆ. ಬೆಂಗಳೂರಿನ ಪ್ರೇಕ್ಷಕನಿಗೆ ಗುರುಕಿರಣ್ ಅವರು ಸಂಗೀತ ಕೊಟ್ಟ 'ರಾ ರಾ' ಎಂಬ ಹಾಡು ಮಾಡಿದ ಕೆಲಸ ಇದು.

ಆದರೆ ವಿಶಾಖಪಟ್ಟಣದಲ್ಲಿಯೋ ವಿಜಯವಾಡದಲ್ಲಿಯೋ ನೆಲೆಸಿದ ಕನ್ನಡಿಗನ ಕಿವಿ ಬೇರೆಯ ಬಗೆಯದು. ಹಾಲಿನವನು, ತರಕಾರಿಯವಳು, ಮಗುವಿನ ಉಪಾಧ್ಯಾಯಿನಿ, ಪಕ್ಕದ ಮನೆಯ ಪಿನ್ನಿಗಾರು ಎಲ್ಲರೂ ಅವನನ್ನು ದಿನವೂ ಆ ಭಾಷೆಯಲ್ಲಿಯೇ ಕರೆಯುತ್ತಾರೆ. 'ರಾ' ಎಂದರೆ ಅವನಿಗೆ ಊಟಕ್ಕೆ ಬಾ ಎಂಬ ಅರ್ಥ. ಅವನು ಬಿಟ್ಟು ಬಂದ ಮನೆಯಲ್ಲಿಯೂ ತೆಲುಗು ಹೊಸತಾಗಿರಲಿಲ್ಲ. ಕನ್ನಡನಾಡಿನ ಸಂಗೀತದ ಮನೆಗಳಲ್ಲೆಲ್ಲ ಮಕ್ಕಳು ತ್ಯಾಗರಾಜರ ಕೃತಿಗಳನ್ನು ತೆಲುಗಿನಲ್ಲಿಯೇ ಕಲಿಯುತ್ತಾರೆ. ಇಂಥವನಿಗೆ ನಾಗವಲ್ಲಿಯ ಹಾಡು ಪರದೇಶದ ಕೂಗಾಗಿ ಉಳಿಯುವುದಿಲ್ಲ. ಭಾಷೆ ತಂದ ಭಯ ಕಳಚಿಕೊಳ್ಳುತ್ತದೆ. ಆಗ ಅವನಿಗೆ ಕೇಳಿಸುವುದು ಒಬ್ಬ ಹೆಣ್ಣು ಪ್ರಿಯನನ್ನು ಬಾ ಎಂದು ಕರೆಯುವ ದನಿ.

ಆ ದನಿಗೂ ಒಂದು ಚರಿತ್ರೆಯಿದೆ. ವಿಜಯವಾಡಕ್ಕೆ ದೂರವಲ್ಲದ ಮೊವ್ವ ಗ್ರಾಮದ ಗೋಪಾಲನನ್ನು ಅಂಕಿತವಾಗಿಸಿಕೊಂಡ ಹದಿನೇಳನೆಯ ಶತಮಾನದ ಕ್ಷೇತ್ರಯ್ಯನ ಪದಗಳು ನಾಯಿಕೆಯ ಇಂಥ ಕರೆಗಳಿಂದಲೇ ತುಂಬಿವೆ. ತಂಜಾವೂರು, ಮೈಸೂರು ಮೊದಲಾದ ಆಸ್ಥಾನಗಳಲ್ಲಿ ಕುಣಿದ ನರ್ತಕಿಯರು ತಮ್ಮ ನಾಡಿನ ಭಾಷೆ ಯಾವುದೇ ಇರಲಿ, ಪದ ಜಾವಳಿಗಳನ್ನು ಬಹುಮಟ್ಟಿಗೆ ತೆಲುಗಿನಲ್ಲಿಯೇ ಹಾಡಿದರು. ಕನ್ನಡ ಅರಮನೆಯ ನರ್ತಕಿಯ ಭೂತ ತೆಲುಗಿನಲ್ಲಿ ಹಾಡುವುದು ಅಸಂಗತವಲ್ಲವೆಂದು ಇದರಿಂದ ತಿಳಿಯುತ್ತದೆ. ಭಯಕ್ಕಾಗಿ ಆಯ್ದುಕೊಂಡ ಭಾಷೆ ಚರಿತ್ರೆಯ ಸತ್ಯವನ್ನೇ ನುಡಿದುಬಿಟ್ಟಿದೆ. ನಾಗವಲ್ಲಿಯನ್ನು ಅಭಿನಯಿಸಿದ ಸೌಂದರ್ಯ ಅವರು ಕೋಲಾರದ ಸೀಮೆಯಿಂದ ಬಂದು ತೆಲುಗು ಚಿತ್ರಗಳಲ್ಲಿ ಬಹುವಾಗಿ ನಟಿಸಿ ಎರಡೂ ನಾಡುಗಳ ಪ್ರೀತಿಗೆ ಪಾತ್ರರಾದವರು. ೨೦೦೪ರ ಏಪ್ರಿಲ್‌ನಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡ ಅನಂತರ, ಆಗಸ್ಟ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಸತ್ತ ನರ್ತಕಿಯ ಪಾತ್ರವನ್ನು ಪ್ರೇಕ್ಷಕರು ಕಂಡಾಗ ನಟಿಯೂ ಇರಲಿಲ್ಲ. ಆ ಹಾಡಿನಲ್ಲಿ ಭಯಕ್ಕಿಂತ ದುಃಖವೇ ಹೆಚ್ಚಾಗಿ ನಿಂತುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನೊಂದು ಅಂಶವನ್ನೂ ಗಮನಿಸಬೇಕು. 'ಆಪ್ತಮಿತ್ರ'ದಲ್ಲಿ ರೋಗ ವಾಸಿಯಾಗುವುದು ಭೂತವನ್ನು ಹೊಡೆದೋಡಿಸುವುದರಿಂದಲ್ಲ. ಮನೋವೈದ್ಯನು ನಾಗವಲ್ಲಿಯ ದೂರನ್ನು ಪೂರ್ತಿಯಾಗಿ ಕೇಳುತ್ತಾನೆ. ಅವಳ ಸೇಡು ಒಂದು ಬೊಂಬೆಯ ಮೇಲೆ ತೀರುವಂತೆ ಏರ್ಪಾಡು ಮಾಡುತ್ತಾನೆ. ಮಂತ್ರವಾದಿಯೂ ವೈದ್ಯನೂ ಅಲ್ಲಿ ಒಂದಾಗುವುದು ಕೇಳುವ ಕೆಲಸದಲ್ಲಿ. ಹಾಡು ಇಲ್ಲದಿದ್ದರೆ ದೂರು ತಿಳಿಯುತ್ತಿರಲಿಲ್ಲ, ದೂರು ತಿಳಿಯದಿದ್ದರೆ ಚಿಕಿತ್ಸೆಯೂ ಇರುತ್ತಿರಲಿಲ್ಲ. ಚಿತ್ರಕ್ಕೆ ಅಗ್ಗದ ಹಾಸ್ಯ, ಅತಿಯಾದ ಆರ್ಭಟ ಮೊದಲಾದ ದೋಷಗಳುಂಟು. ಆದರೂ ಕಲ್ಕುಡನ ಪಾಡ್ದನದ ನ್ಯಾಯವು ಅದರ ಕೇಂದ್ರದಲ್ಲಿ ಉಳಿದಿದೆ.

೪

ಇಪ್ಪತ್ತು ವರ್ಷಗಳೊಳಗೆ ಈ ಸ್ಥಿತಿ ಬದಲಾಯಿತು. 'ವಿರೂಪಾಕ್ಷ'ದ ಕಥೆ ನಡೆಯುವುದು ರುದ್ರವನಂ ಎಂಬ ಕಲ್ಪಿತ ಗ್ರಾಮದಲ್ಲಿ. ೧೯೭೯ರಲ್ಲಿ ಊರಿನ ಮಕ್ಕಳ ಸಾವಿಗೆ ಕ್ಷುದ್ರಪೂಜೆಯೇ ಕಾರಣವೆಂದು ಒಂದು ದಂಪತಿಯ ಮೇಲೆ ಆರೋಪ ಬರುತ್ತದೆ. ಜನರು ಗುಂಪುಗೂಡಿ ಅವರನ್ನು ಜೀವಂತ ಸುಡುತ್ತಾರೆ. ಉರಿಯುತ್ತಿರುವ ಹೆಂಗಸು ಪುಷ್ಕರಕಾಲ ತುಂಬುವಷ್ಟರಲ್ಲಿ ಊರು ನಾಶವಾಗಲೆಂದು ಶಪಿಸುತ್ತಾಳೆ. ಹನ್ನೆರಡು ವರ್ಷ ಕಳೆದು ೧೯೯೧ರಲ್ಲಿ ಸಾವುಗಳು ಆರಂಭವಾಗುತ್ತವೆ. ಈ ಎರಡೂ ಗೋದಾವರಿಗೆ ಪುಷ್ಕರ ಬಂದ ವರ್ಷಗಳೇ ಆಗಿವೆ. ಊರನ್ನು ಉಳಿಸಲು ಅಷ್ಟದಿಗ್ಬಂಧನ ವಿಧಿಸಲಾಗುತ್ತದೆ. ಎಂಟು ದಿನಗಳ ಕಾಲ ಯಾರೂ ಊರೊಳಗೆ ಬರುವಂತಿಲ್ಲ, ಊರು ಬಿಟ್ಟು ಹೋಗುವಂತಿಲ್ಲ.

ಕಥೆಯ ಬೀಜದಲ್ಲಿ ಇದು ನಾಗವಲ್ಲಿಯ ಕಥೆಗೆ ದೂರವಾದುದಲ್ಲ. ಅಲ್ಲಿ ಅರಸ, ಇಲ್ಲಿ ಊರಿನ ಗುಂಪು. ಎರಡೂ ಕಡೆ ವಿಚಾರಣೆಯಿಲ್ಲದ ಕೊಲೆ, ಕಾಲಾಂತರದಲ್ಲಿ ಫಲಿಸುವ ಸೇಡು. ಭೇದವಿರುವುದು ಸಂಗೀತದಲ್ಲಿ. ನಾಗವಲ್ಲಿಗೆ ಹಾಡಿತ್ತು. ರುದ್ರವನದಲ್ಲಿ ಸುಟ್ಟುಹೋದವಳಿಗೆ ಇರುವುದು ಒಂದೇ ಒಂದು ಶಾಪವಾಕ್ಯ. ಅದು ಮುಗಿದ ಮೇಲೆ ಅವಳ ಪರವಾಗಿ ಹಾಡುವವರು ಯಾರೂ ಇಲ್ಲ. ಅವಳ ಸ್ಥಾನವನ್ನು ವಾತಾವರಣವು ಆಕ್ರಮಿಸುತ್ತದೆ. ಕೆಳಸ್ಥಾಯಿಯಲ್ಲಿ ಹರಿಯುವ ಶ್ರುತಿಯಂಥ ನಾದ, ಚರ್ಮವಾದ್ಯದ ಪೆಟ್ಟು, ಪದಗಳು ಬಿಡಿಬಿಡಿಯಾಗಿ ತಿಳಿಯದ ಮಂತ್ರದಂಥ ಸಾಮೂಹಿಕ ಕಂಠ ಇವು ಅದರ ಮುಖ್ಯ ಉಪಕರಣಗಳು. ಚಿತ್ರದ ಬಲ ಈ ಹಿನ್ನೆಲೆ ಸಂಗೀತವೆಂದು ನೋಡಿದವರು ಹೇಳಿದುದರಲ್ಲಿ ಅತಿಶಯೋಕ್ತಿಯಿಲ್ಲ. ಅಜನೀಶರು ೨೦೦೯ರಲ್ಲಿ ಪ್ರವೇಶಿಸಿದ್ದೇ 'ಶಿಶಿರ' ಎಂಬ ಕನ್ನಡ ಭಯಚಿತ್ರದ ಮೂಲಕ. ೨೦೧೫ರ 'ರಂಗಿತರಂಗ'ದಲ್ಲಿ ಹಾಡುಗಳನ್ನು ನಿರ್ದೇಶಕ ಅನೂಪ್ ಭಂಡಾರಿಯವರೇ ರಚಿಸಿದರೆ, ಹಿನ್ನೆಲೆಯ ನಾದ ಮಾತ್ರ ಅಜನೀಶರದು. ಹಾಡನ್ನು ಹೊರತುಪಡಿಸಿಯೂ ಚಿತ್ರವನ್ನು ತುಂಬಬಲ್ಲ ವಿದ್ಯೆ ಅವರಿಗೆ ಮೊದಲಿನಿಂದಲೂ ಸಿದ್ಧಿಸಿದೆ.

ಈ ಬದಲಾವಣೆಗೆ ಎರಡು ಕಾರಣಗಳು ಪ್ರಧಾನವಾಗಿ ತೋರುತ್ತವೆ. ಮೊದಲನೆಯದು ಚಿತ್ರಮಂದಿರದ ರಚನೆ. 'ಮಹಲ್'ನ ಕಾಲದಲ್ಲಿ ಧ್ವನಿಯೆಲ್ಲವೂ ತೆರೆಯ ಹಿಂದಿನಿಂದ ಬರುತ್ತಿತ್ತು. ಪ್ರೇಕ್ಷಕನು ಅದರ ಎದುರಿಗೆ ಕುಳಿತಿದ್ದನು, ಅವನ ಬೆನ್ನು ಸುರಕ್ಷಿತವಾಗಿತ್ತು. ಇಂದು ಧ್ವನಿವರ್ಧಕಗಳು ಗೋಡೆಗಳಲ್ಲಿಯೂ ಹಿಂಬದಿಯಲ್ಲಿಯೂ ಇವೆ. ೨೦೧೨ರಲ್ಲಿ ಬಳಕೆಗೆ ಬಂದ ಡಾಲ್ಬಿ ಅಟ್ಮೋಸ್ ವ್ಯವಸ್ಥೆ ಬಂದ ಮೇಲೆ ಛಾವಣಿಯಲ್ಲಿಯೂ ಇವೆ. ರುದ್ರವನದ ಜನರಿಗೆ ವಿಧಿಸಿದ ಅಷ್ಟದಿಗ್ಬಂಧನವನ್ನು ಚಿತ್ರಮಂದಿರವು ಪ್ರೇಕ್ಷಕನಿಗೇ ವಿಧಿಸುತ್ತದೆ. ನಾದಕ್ಕೆ ದಿಕ್ಕಿಲ್ಲದಂತಾಗಿ, ಮೂಲವನ್ನು ಹುಡುಕುವ ಕಿವಿ ಸೋಲುತ್ತದೆ. ಇದು ಸಂಗೀತಕಾರನಿಗೆ ದೊರೆತ ನಿಜವಾದ ಹೊಸ ಶಕ್ತಿ. ಅದನ್ನು 'ವಿರೂಪಾಕ್ಷ' ಸಮರ್ಥವಾಗಿಯೇ ಬಳಸಿಕೊಂಡಿದೆ.

ಎರಡನೆಯದು ವ್ಯಾಪಾರ. ಒಂದೇ ಚಿತ್ರವನ್ನು ಹಲವು ಭಾಷೆಗಳ ನಾಡಿನಲ್ಲಿ ಮಾರಬೇಕಾಗಿರುವ ಈ ಕಾಲದಲ್ಲಿ ಹಾಡು ಒಂದು ಹೊರೆ. ಪ್ರತಿಯ ಭಾಷೆಗೂ ಅದನ್ನು ಹೊಸದಾಗಿ ಬರೆಸಬೇಕು, ಹಾಡಿಸಬೇಕು. ನಾಗವಲ್ಲಿಯ ವಿಷಯದಲ್ಲಿ ಆದಂತೆ ಭೂತದ ಭಾಷೆಯನ್ನೇ ಬದಲಿಸಬೇಕಾಗಿ ಬರಬಹುದು. ಗುಂಯ್ಗುಡುವ ನಾದಕ್ಕೂ ತಮಟೆಯ ಪೆಟ್ಟಿಗೂ ಅನುವಾದ ಬೇಕಿಲ್ಲ. ಭದ್ರಾವತಿಯ ಸಂಗೀತಗಾರನು ತೆಲುಗು ಗ್ರಾಮವೊಂದನ್ನು ಹೆದರಿಸಬಲ್ಲುದು ಈ ಭಾಷಾರಾಹಿತ್ಯದಿಂದಲೇ. ಕನ್ನಡಿಗರು ಇದನ್ನು ಹೆಮ್ಮೆಯಿಂದ ಕಾಣುವುದು ಉಚಿತವಾಗಿದೆ. ಆದರೆ ಗೆಲವಿಗೆ ತೆತ್ತ ಬೆಲೆ ಏನೆಂಬುದನ್ನು ಕೇಳದಿರುವುದು ಉಚಿತವಲ್ಲ.

೫

ಬೆಲೆ ಇದು: ಭೂತವು ಮೂಕವಾಯಿತು. ಹಾಡುವ ಭೂತಕ್ಕೆ ಹೆಸರುಂಟು, ಊರುಂಟು, ಪ್ರಿಯನುಂಟು, ಕೇಳಿಕೊಳ್ಳಬೇಕಾದ ಒಂದು ಮಾತುಂಟು. ವಾತಾವರಣಕ್ಕೆ ಇವು ಯಾವುವೂ ಇಲ್ಲ. ಅದಕ್ಕೆ ಉತ್ತರ ಕೊಡಲಾಗುವುದಿಲ್ಲ, ಅದರೊಡನೆ ರಾಜಿಯಾಗಲೂ ಆಗುವುದಿಲ್ಲ. ಅದರಿಂದ ಓಡಬಹುದು, ಇಲ್ಲವೆ ಅದನ್ನು ನಾಶಮಾಡಬಹುದು. ಕಥೆಯು ಸುಟ್ಟವರ ಪಾಪವನ್ನು ಪ್ರೇಕ್ಷಕನ ನೆನಪಿಗೆ ತರುವಷ್ಟರಲ್ಲಿ ಸಂಗೀತವು ಸುಟ್ಟುಹೋದವರ ಕಡೆಯಿಂದ ಬರುವುದೆಲ್ಲವೂ ಕೇಡೆಂದು ಅವನ ಮೈಗೆ ಕಲಿಸಿಯಾಗಿರುತ್ತದೆ. ಮನಸ್ಸು ಒಂದನ್ನು ಹೇಳುತ್ತದೆ, ರೋಮಾಂಚ ಇನ್ನೊಂದನ್ನು ಹೇಳುತ್ತದೆ. ಭಯಚಿತ್ರದಲ್ಲಿ ಗೆಲ್ಲುವುದು ರೋಮಾಂಚವೇ.

ಮಂತ್ರದಂಥ ಸಾಮೂಹಿಕ ಕಂಠದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅದು ಯಾರ ಕಂಠ? ಸುಟ್ಟವರದೋ, ಸುಟ್ಟುಹೋದವರದೋ? ನಾದವನ್ನಷ್ಟೇ ಕೇಳಿದರೆ ತಿಳಿಯುವಂತಿಲ್ಲ. ಬೆಂಕಿಯ ಸುತ್ತ ನಿಂತ ಗುಂಪಿನ ಕೂಗೂ ಗುಟ್ಟಾಗಿ ಜಪಿಸುವವನ ಮಂತ್ರವೂ ಒಂದೇ ಗಾತ್ರದಲ್ಲಿ, ಒಂದೇ ಘೋಷದಲ್ಲಿ ಕಿವಿಗೆ ಬಂದರೆ ಇಬ್ಬರ ನಡುವಣ ನೈತಿಕ ಭೇದ ಅಳಿಸಿಹೋಗುತ್ತದೆ. ಅಪರಾಧ ಯಾರ ಮೇಲೂ ನಿಲ್ಲದೆ ಗಾಳಿಯಲ್ಲಿ ಕರಗುತ್ತದೆ.

ಇದನ್ನು ಕೇವಲ ಕಲಾವಿಚಾರವೆಂದು ತಳ್ಳಿಹಾಕುವಂತಿಲ್ಲ. ಚಿತ್ರವು ತನ್ನ ಕಥೆಗೆ ಆಯ್ದುಕೊಂಡ ೧೯೭೯–೧೯೯೧ರ ಅವಧಿಯಲ್ಲಿಯೇ ದುವ್ವಾಡದ ಬಳಿ ಊದುಕುಲುಮೆಗಳು ಮೇಲೆದ್ದವು. ಅವುಗಳಲ್ಲಿ ಮೊದಲನೆಯದಕ್ಕೆ ಗೋದಾವರಿ ಎಂದೇ ಹೆಸರು. ಅದೇ ವಿಶಾಖ ಸೀಮೆಯ ಮಲೆನಾಡಿನ ಏಜೆನ್ಸಿ ಪ್ರದೇಶದಲ್ಲಿ ಅಂದೂ ಅನಂತರವೂ ಚಿಲ್ಲಂಗಿ ಮಾಡುತ್ತಾರೆಂಬ ಶಂಕೆಯಿಂದ ಬಡವರನ್ನು, ಮುದುಕರನ್ನು, ಒಂಟಿ ಹೆಂಗಸರನ್ನು ಹೊಡೆದು ಕೊಂದ ಪ್ರಸಂಗಗಳು ನಡೆದಿವೆ. ತೆಲಂಗಾಣದ ಬಾಣಾಮತಿ, ಕಲಬುರಗಿ ಬೀದರುಗಳ ಭಾನಾಮತಿ ಒಂದೇ ಶಂಕೆಯ ಎರಡು ಉಚ್ಚಾರಣೆಗಳು. ಗಡಿ ಅದನ್ನು ತಡೆದಿಲ್ಲ. ೨೦೧೭ರಲ್ಲಿ ಕರ್ನಾಟಕದ ವಿಧಾನಮಂಡಲವು ವಾಮಾಚಾರ ಮೊದಲಾದ ಅನಿಷ್ಟ ಪದ್ಧತಿಗಳನ್ನು ಪ್ರತಿಬಂಧಿಸುವ ಶಾಸನ ಮಾಡಬೇಕಾಯಿತೆಂಬುದೇ ಈ ಪಿಡುಗು ಕಥೆಯ ವಸ್ತು ಮಾತ್ರವಲ್ಲವೆಂಬುದಕ್ಕೆ ಸಾಕ್ಷಿ. ಇಂಥ ಕೊಲೆ ನಡೆಯುವ ಮುನ್ನ ಊರಿನಲ್ಲಿ ಸಾಕ್ಷ್ಯವೇನೂ ಇರುವುದಿಲ್ಲ, ಒಂದು ವಾತಾವರಣವಿರುತ್ತದೆ. ಪಿಸುಮಾತು, ಅಕಾಲದ ಸಾವು, ನಾಯಿಯ ಊಳು, ಒಬ್ಬಳ ಮನೆಯ ಕಡೆ ತಿರುಗುವ ಕಣ್ಣುಗಳು. ಮೂಲ ತಿಳಿಯದ ಭಯಕ್ಕೆ ಒಂದು ಮುಖವನ್ನು ಹುಡುಕುವುದೇ ಗುಂಪಿನ ಕೆಲಸ. ಭಯಚಿತ್ರದ ವಾತಾವರಣ ಸಂಗೀತವು ಇದೇ ಮನಃಸ್ಥಿತಿಯನ್ನು ಎರಡೂವರೆ ಗಂಟೆಗಳ ಕಾಲ ಅಭ್ಯಾಸ ಮಾಡಿಸುತ್ತದೆ. ಚಿತ್ರ ನೋಡಿದವರು ಕೊಲೆಗಾರರಾಗುತ್ತಾರೆಂದು ಇದರ ಅರ್ಥವಲ್ಲ. ಗುಂಪಿನ ಕ್ರೌರ್ಯವನ್ನು ಖಂಡಿಸಬಯಸುವ ಕಥೆಗೆ ಗುಂಪಿನ ಕಿವಿಯನ್ನೇ ಪ್ರೇಕ್ಷಕನಿಗೆ ಕೊಡುವ ಸಂಗೀತ ಹೊಂದುವುದಿಲ್ಲ ಎಂಬುದಷ್ಟೇ ಇಲ್ಲಿಯ ಆಕ್ಷೇಪ.

೬

ಈ ಆಕ್ಷೇಪಕ್ಕೆ ಎರಡು ಸಮಾಧಾನಗಳನ್ನು ಹೇಳುವುದುಂಟು. ಭಯಚಿತ್ರದ ಕೆಲಸ ಹೆದರಿಸುವುದು, ನ್ಯಾಯ ಹೇಳುವುದಲ್ಲ ಎಂಬುದು ಮೊದಲನೆಯದು. ಉತ್ತಮ ನಿದರ್ಶನಗಳು ಇದನ್ನು ಒಪ್ಪುವುದಿಲ್ಲ. ೧೯೬೦ರ 'ಸೈಕೋ' ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಅವರು ತಂತಿವಾದ್ಯಗಳನ್ನು ಮಾತ್ರ ಬಳಸಿದರು. ಸ್ನಾನಗೃಹದ ಕೊಲೆಗೆ ಸಂಗೀತವೇ ಬೇಡವೆಂದಿದ್ದ ನಿರ್ದೇಶಕ ಹಿಚ್‌ಕಾಕ್ ಅದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಆ ತಂತಿಗಳ ಕಿರಿಚು ಚೂರಿಯ ಪೆಟ್ಟನ್ನೂ ಹೆಣ್ಣಿನ ಚೀತ್ಕಾರವನ್ನೂ ಒಮ್ಮೆಗೇ ನುಡಿಯುತ್ತದೆ. ಪ್ರೇಕ್ಷಕನು ಹೆದರುತ್ತಲೇ ಕೊಲೆಯಾಗುವವಳ ನೋವನ್ನು ಕೇಳುತ್ತಾನೆ. ಅದೇ ನಿರ್ದೇಶಕರು ೧೯೬೩ರ 'ದಿ ಬರ್ಡ್ಸ್' ಚಿತ್ರದಲ್ಲಿ ರೂಢಿಯ ಸಂಗೀತವನ್ನು ಪೂರ್ತಿಯಾಗಿ ಬಿಟ್ಟು ವಿದ್ಯುತ್ ವಾದ್ಯದಿಂದ ಹುಟ್ಟಿಸಿದ ಹಕ್ಕಿಗಳ ಸದ್ದನ್ನೂ ಮೌನವನ್ನೂ ಬಳಸಿದರು. ಅಲ್ಲಿ ಹಕ್ಕಿಗಳಿಗೆ ದೂರಿಲ್ಲ, ಆದುದರಿಂದ ಹಾಡೂ ಇಲ್ಲ. ದೂರಿರುವ ಕಥೆಗೆ ಅದೇ ಕ್ರಮ ಸಲ್ಲದು.

ಹಾಡಿನ ಕಾಲ ಮುಗಿಯಿತು, ವಾತಾವರಣವೇ ಈ ಕಾಲದ ಭಾಷೆ ಎಂಬುದು ಎರಡನೆಯ ಸಮಾಧಾನ. ಇದಕ್ಕೆ ಉತ್ತರ ಅಜನೀಶರ ಕೃತಿಯಲ್ಲಿಯೇ ದೊರೆಯುತ್ತದೆ. ೨೦೨೨ರ ಸೆಪ್ಟೆಂಬರ್ ೩೦ರಂದು ಬಿಡುಗಡೆಯಾದ 'ಕಾಂತಾರ'ವು ಭಯಚಿತ್ರವೆಂಬ ವರ್ಗಕ್ಕೆ ಪೂರ್ತಿಯಾಗಿ ಸೇರದಿದ್ದರೂ ಭಯವೇ ಅದರ ಬೆನ್ನೆಲುಬು. ಅದರಲ್ಲಿ ಪ್ರೇಕ್ಷಕರನ್ನು ನಡುಗಿಸಿದುದು ದೈವದ ಕೂಗು. ಆ ಕೂಗಿಗೆ ಪದಗಳಿಲ್ಲ, ಅನುವಾದವೂ ಬೇಕಿರಲಿಲ್ಲ. ತುಳು ತಿಳಿಯದ, ಕನ್ನಡವೂ ತಿಳಿಯದ ತೆಲುಗರು ವಿಶಾಖಪಟ್ಟಣದಲ್ಲಿ ಅದನ್ನು ಕೇಳಿ ಬೆರಗಾದರು. ಆದರೆ ಆ ಕೂಗಿಗೆ ಒಂದು ಬಾಯಿದೆ. ಅದು ಇಂಥ ನೆಲದ, ಇಂಥ ದೈವದ, ಇಂಥ ಮಾತು ತಪ್ಪಿದವರ ವಿರುದ್ಧ ಎದ್ದ ಕೂಗು. ಕೊನೆಯಲ್ಲಿ ದೈವವು ಒಂದು ಮಾತನ್ನೂ ಆಡದೆ ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಂದುಗೂಡಿಸಿದಾಗ ಹಿಂದಿನ ಭಯವೆಲ್ಲ ನ್ಯಾಯವಾಗಿ ಪರಿಣಮಿಸುತ್ತದೆ. ಪಾಡ್ದನದ ನೆಲದಿಂದ ಎದ್ದ ಸಂಗೀತವಾದುದರಿಂದ ಹಾಡಿಲ್ಲದ ಕಡೆಯೂ ಅರ್ಜಿಯ ಧರ್ಮ ಅದಕ್ಕೆ ಮರೆತಿಲ್ಲ. ಮರುವರ್ಷವೇ ಅದೇ ಸಂಗೀತಗಾರರು ರುದ್ರವನದಲ್ಲಿ ಇದನ್ನು ಬಿಟ್ಟುಕೊಟ್ಟುದಕ್ಕೆ ಶಕ್ತಿಯ ಕೊರತೆ ಕಾರಣವಲ್ಲ. ಕಲ್ಪಿತವಾದ ಆ ಊರಿಗೆ ತನ್ನದೆಂಬ ಪಾಡ್ದನ ಇರಲಿಲ್ಲ. ಬುರ್ರಕಥೆ, ಜಮುಕುಲ ಕಥೆ ಮೊದಲಾದ ಉತ್ತರಾಂಧ್ರದ ಕಥನಗಾಯನಗಳು ಅದೇ ಸೀಮೆಯಲ್ಲಿ ಜೀವಂತವಾಗಿದ್ದರೂ ಚಿತ್ರವು ಸುಟ್ಟುಹೋದವಳಿಗೆ ಅವುಗಳಲ್ಲಿ ಒಂದರ ದನಿಯನ್ನೂ ಎರವಲು ಕೊಡಲಿಲ್ಲ.

ಭಯಕ್ಕೆ ಭಾಷೆಯಿದೆಯೋ ಇಲ್ಲವೋ ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಭಯಕ್ಕೆ ಭಾಷೆ ಬೇಕಿಲ್ಲ. ಭಯಪಡಿಸುವವನ ದುಃಖಕ್ಕೆ ಬೇಕು. ನೆರೆಯವನ ಭಾಷೆಯನ್ನು ಅರಿಯದವನಿಗೆ ಅವನ ಹಾಡೂ ಭೂತದ ಕೂಗಾಗಿ ಕೇಳಿಸುತ್ತದೆ. ಅರಿತವನಿಗೆ ಭೂತದ ಕೂಗೂ ಹಾಡಾಗಿ ಕೇಳಿಸಬಲ್ಲುದು. ಪರನಾಡಿನಲ್ಲಿ ಬಾಳುವವರಿಗೆ ಈ ಎರಡೂ ಅನುಭವಗಳಿವೆ. ಅವರು ಬಂದ ಮೊದಲ ದಿನಗಳಲ್ಲಿ ಸುತ್ತಲಿನ ಮಾತೆಲ್ಲ ಬರಿಯ ವಾತಾವರಣವಾಗಿತ್ತು. ಅದರೊಳಗಿಂದ ಒಂದೊಂದೇ ದನಿ, ಒಂದೊಂದೇ ಹೆಸರು ಬಿಡಿಸಿಕೊಂಡು ಹೊರಬಂದ ಮೇಲೆ ಅದು ಊರಾಯಿತು. ದುವ್ವಾಡದ ರಾತ್ರಿಯ ಗಾಡಿಗಳ ಸದ್ದಿನಲ್ಲಿ ನಿದ್ರಿಸಲು ಕಲಿತ ಕಿವಿಗಳು ಭಯಚಿತ್ರದ ಸಂಗೀತಗಾರರಿಂದ ಕೇಳಬೇಕಾದುದೂ ಇದನ್ನೇ: ನಾದ ಎಷ್ಟೇ ದಟ್ಟವಾಗಿರಲಿ, ಅದರ ನಡುವೆ ಕೂಗುತ್ತಿರುವವರು ಯಾರೆಂದು ತಿಳಿಯುವಂತಿರಲಿ.